ಗುರುವಿಲ್ಲದ ಆರು ತಂತಿ

ಗಿಟಾರು ಕಲಿಯಲು ಹೊರಟವರು ಇವತ್ತು ಫೋನಿನಲ್ಲಿ ‘ಟ್ಯಾಬ್’ ತೆರೆದರೆ ಕಾಣುವುದು ಆರು ಗೆರೆ, ಗೆರೆಗಳ ಮೇಲೆ ಅಂಕಿ. ಒಂದೊಂದು ಗೆರೆ ಒಂದೊಂದು ತಂತಿ. ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಎಷ್ಟನೆಯದರಲ್ಲಿ ಬೆರಳೂರಬೇಕು ಅನ್ನುವುದನ್ನು ಅಂಕಿ ಹೇಳುತ್ತದೆ. ಇದೇನೂ ಇಂಟರ್ನೆಟ್ ಕಾಲದ ಜಾಣತನವಲ್ಲ ಕೇಳುಗರೇ. 1536ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಲೂಯಿಸ್ ದೆ ಮಿಲಾನ್ ಅಚ್ಚು ಹಾಕಿಸಿದ ‘ಎಲ್ ಮಾಯೆಸ್ತ್ರೊ’ ಪುಸ್ತಕದಲ್ಲೂ ಹೀಗೇ ಆರು ಗೆರೆ, ಹೀಗೇ ಅಂಕಿ. ಅದು ಬರೆದದ್ದು ವಿವೇಲಾ ಎಂಬ ವಾದ್ಯಕ್ಕೆ. ಆಕಾರದಲ್ಲೂ ಶ್ರುತಿಯಲ್ಲೂ ಗಿಟಾರಿಗೆ ತೀರ ಹತ್ತಿರದ್ದು. ವಾದ್ಯವನ್ನೇ ಮುಟ್ಟದವನು ಕಲಿಯಲು ಕೂತಿದ್ದಾನೆ ಅಂದುಕೊಂಡು, ಮೊದಲು ಸುಲಭದ್ದು, ಆಮೇಲೆ ಕಷ್ಟದ್ದು ಎಂದು ಮಿಲಾನ್ ಪಾಠಗಳನ್ನು ಜೋಡಿಸಿದ.

ಅದೇ ಶತಮಾನದಲ್ಲಿ ನಮ್ಮ ಕಡೆ ಪುರಂದರದಾಸರು ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ವರಸೆಗಳನ್ನು ಕಟ್ಟಿಕೊಟ್ಟರೆಂದು ಸಂಗೀತ ಪರಂಪರೆ ಹೇಳುತ್ತದೆ. ಏನೂ ಬಾರದವರನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ಆಸೆ ಎರಡೂ ಕಡೆ ಒಂದೇ. ಆದರೆ ಸರಳೆ ವರಸೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂತು. ಗಿಟಾರಿನ ಪಾಠ ಕಾಗದದ ಮೇಲೆ, ಒಂಟಿಯಾಗಿ ಕೂತವನ ಮುಂದೆ ಬಂತು.

ವಿವೇಲಾ ಆಸ್ಥಾನದಲ್ಲಿ ಮೆರೆದ ವಾದ್ಯ. ಬೀದಿಗಿಳಿದದ್ದು ಗಿಟಾರು. ಆಗ ಅದಕ್ಕಿದ್ದದ್ದು ಐದು ಜೋಡಿ ತಂತಿ. 1596ರಲ್ಲಿ ಅದಕ್ಕೊಂದು ಪುಟ್ಟ ಕೈಪಿಡಿ ಬರೆದವನು ಜುವಾನ್ ಕಾರ್ಲೊಸ್ ಅಮಾತ್, ಕ್ಯಾಟಲೋನಿಯಾದ ಒಬ್ಬ ವೈದ್ಯ. ಔಷಧದ ಚೀಟಿಯಷ್ಟೇ ಚುಟುಕಾಗಿ ಬರೆದ. ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲೇ ಕಾರ್ಡ್. ಹನ್ನೆರಡು ಮೇಜರ್ ಕಾರ್ಡ್, ಹನ್ನೆರಡು ಮೈನರ್ ಕಾರ್ಡ್, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಸಂಖ್ಯೆ ನೋಡು, ಬೆರಳೂರು, ತಂತಿಗಳನ್ನೆಲ್ಲ ಒಟ್ಟಿಗೆ ಸವರು, ಹಾಡಿಕೋ. ಈ ಪುಸ್ತಕ ಸುಮಾರು ಇನ್ನೂರು ವರ್ಷ ಮತ್ತೆ ಮತ್ತೆ ಅಚ್ಚಾಯಿತು. ಸಂಗೀತ ಬಲ್ಲವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಸೆಬಾಸ್ತಿಯನ್ ದೆ ಕೊವರ್ರುಬಿಯಾಸ್ 1611ರ ತನ್ನ ನಿಘಂಟಿನಲ್ಲೇ ಗೊಣಗಿದ: ವಿವೇಲಾ ಕಲಿಯುವವರು ಕಡಿಮೆಯಾದರು, ಗಿಟಾರೆಂದರೆ ದನದ ಕೊರಳಗಂಟೆ, ಲಾಯದ ಹುಡುಗರೆಲ್ಲ ವಾದಕರಾಗಿಬಿಟ್ಟಿದ್ದಾರೆ ಅಂತ. ಬೈಗುಳವೆಂದೇ ಬರೆದದ್ದು. ಗಿಟಾರಿಗೆ ಅದಕ್ಕಿಂತ ಒಳ್ಳೆಯ ಬಿರುದನ್ನು ಇನ್ನೂ ಯಾರೂ ಕೊಟ್ಟಿಲ್ಲ.

ಮುಂದಿನದನ್ನು ಬೇಗ ದಾಟಬಹುದು. 1674ರಲ್ಲಿ ಗಾಸ್ಪರ್ ಸಾನ್ಸ್‌ನ ಪುಸ್ತಕ ಬಂತು. ಮುಂದೆ ಐದು ಜೋಡಿ ಹೋಗಿ ಆರು ಒಂಟಿ ತಂತಿ ಬಂದವು. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್‌ನಲ್ಲಿ ಫರ್ನಾಂಡೊ ಸೊರ್, ದಿಯೊನಿಸಿಯೊ ಅಗ್ವಾದೊ ದಪ್ಪ ದಪ್ಪ ಪಠ್ಯಗಳನ್ನು ಬರೆದರು. ಉಗುರಿನಿಂದ ಮೀಟಬೇಕೆಂದು ಅಗ್ವಾದೊ, ಬೆರಳ ತುದಿಯಿಂದಲೇ ಎಂದು ಸೊರ್. ಜಗಳವೇನೂ ಆಗಲಿಲ್ಲ, ಇಬ್ಬರೂ ಕೂಡಿ ನುಡಿಸಲೆಂದೇ ಸೊರ್ ಒಂದು ಯುಗಳ ಕೃತಿ ರಚಿಸಿದ.

ನಿಂತು ನೋಡಬೇಕಾದವರು ಎಲಿಜಬೆತ್ ಕಾಟನ್. 1893ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದ ಕಪ್ಪು ಜನರ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಹುಡುಗಿ. ಅಣ್ಣ ಹೊರಗೆ ಹೋದಾಗ ಅವನ ಬ್ಯಾಂಜೋವನ್ನು ಕದ್ದು ನುಡಿಸುವಳು. ಮನೆಗೆಲಸಕ್ಕೆ ಹೋಗಿ, ತಿಂಗಳಿಗೆ ಸಿಗುತ್ತಿದ್ದ ಮುಕ್ಕಾಲು ಡಾಲರ್ ಕೂಡಿಟ್ಟು, 3.75 ಡಾಲರ್‌ಗೆ ಒಂದು ಸ್ಟೆಲ್ಲಾ ಗಿಟಾರು ಕೊಂಡಳು. ಅವಳು ಎಡಚಿ, ಗಿಟಾರು ಬಲಗೈಯವರದ್ದು. ಹೇಳಿಕೊಡುವವರು ಯಾರೂ ಇರಲಿಲ್ಲ, ಹಾಗಾಗಿ ತಪ್ಪು ಎನ್ನುವವರೂ ಇರಲಿಲ್ಲ. ತಂತಿ ಬದಲಿಸದೆ ವಾದ್ಯವನ್ನೇ ತಿರುಗಿಸಿ ಹಿಡಿದಳು. ದಪ್ಪ ತಂತಿಗಳು ಕೆಳಗೆ ಬಂದವು, ತೆಳು ತಂತಿಗಳು ಮೇಲೆ ಹೋದವು. ಲೋಕವೆಲ್ಲ ಹೆಬ್ಬೆರಳಿನಿಂದ ಮಂದ್ರ ಮೀಟಿದರೆ ಇವಳ ಹೆಬ್ಬೆರಳು ಹಾಡಿನ ಮಟ್ಟು ನುಡಿಸಿತು, ಮಂದ್ರವನ್ನು ಉಳಿದ ಬೆರಳು ನೋಡಿಕೊಂಡವು. ಆ ಶೈಲಿಗೆ ಈಗ ಇವಳದೇ ಹೆಸರಿದೆ. ಮನೆಯ ಹತ್ತಿರ ಓಡುವ ಗೂಡ್ಸ್ ಗಾಡಿಯ ಮೇಲೆ ‘ಫ್ರೈಟ್ ಟ್ರೇನ್’ ಹಾಡು ಕಟ್ಟಿದಾಗ ಅವಳಿನ್ನೂ ಚಿಕ್ಕ ಹುಡುಗಿ.

ಆಮೇಲೆ ಮದುವೆ, ಮಗು, ಚರ್ಚು. ಲೌಕಿಕ ಹಾಡು ದೇವರಿಗೆ ಸಲ್ಲದೆಂದು ಚರ್ಚಿನವರು ಹೇಳಿದ ಮೇಲೆ ಗಿಟಾರು ಮೂಲೆ ಸೇರಿತು. ಎಷ್ಟೋ ದಶಕ! ಈ ಭಾಗ ನೆನೆದಾಗಲೆಲ್ಲ ಸಂಕಟವಾಗುತ್ತದೆ. ಕೊನೆಗೆ ವಾಷಿಂಗ್ಟನ್‌ನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ತಪ್ಪಿಸಿಕೊಂಡಿದ್ದ ಪೆಗ್ಗಿ ಎಂಬ ಪುಟ್ಟ ಹುಡುಗಿಯನ್ನು ಕಾಟನ್ ಹುಡುಕಿ ತಾಯಿಗೆ ಒಪ್ಪಿಸಿದರು. ಅದು ಜಾನಪದ ಸಂಗೀತಕ್ಕೆ ಹೆಸರಾದ ಸೀಗರ್ ಕುಟುಂಬ. ಅವರ ಮನೆಗೆಲಸಕ್ಕೆ ಸೇರಿ, ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಒಂದು ದಿನ ಇಳಿಸಿಕೊಂಡರು. ಬೆರಳುಗಳು ಮರೆತಿರಲಿಲ್ಲ. 1958ರಲ್ಲಿ ಮೊದಲ ರೆಕಾರ್ಡ್ ಬಂತು. 1985ರಲ್ಲಿ, ತೊಂಬತ್ತು ದಾಟಿದ ಮೇಲೆ, ಗ್ರ್ಯಾಮಿ ಪ್ರಶಸ್ತಿ.

ದೊಡ್ಡವರಾದ ಮೇಲೆ ಪೆಗ್ಗಿ ‘ಫ್ರೈಟ್ ಟ್ರೇನ್’ ಹಾಡನ್ನು ಇಂಗ್ಲೆಂಡಿಗೆ ಒಯ್ದರು. 1957ರಲ್ಲಿ ಅಲ್ಲಿನ ಸಂಗೀತ ತಂಡವೊಂದು ಅದನ್ನು ಹಾಡಿ ಗೆದ್ದಿತು. ರಚನೆಗೆ ಮಾತ್ರ ಬೇರೆ ಯಾರದೋ ಹೆಸರು. ಕಾಟನ್‌ಗೆ ಹಕ್ಕು ಸಿಕ್ಕಿದ್ದು ಆಮೇಲೆ. ಬ್ರಿಟನ್ನಿನ ಹುಡುಗರೆಲ್ಲ ಗಿಟಾರಿನ ಹಿಂದೆ ಬಿದ್ದಿದ್ದ ಅದೇ ವರ್ಷ ಬರ್ಟ್ ವೀಡನ್ ‘ಪ್ಲೇ ಇನ್ ಎ ಡೇ’ ಎಂಬ ಕೈಪಿಡಿ ತಂದ. ಒಂದೇ ದಿನದಲ್ಲಿ ಎನ್ನುವುದು ಶುದ್ಧ ಬುರುಡೆ. ಮೊದಲ ದಿನ ದಕ್ಕುವುದು ಎಡಗೈ ಬೆರಳ ತುದಿಯ ಉರಿ ಮಾತ್ರ, ಅಲ್ಲಿ ಜಡ್ಡುಗಟ್ಟಲು ವಾರಗಳೇ ಬೇಕು. ಆದರೂ ಮುಂದೆ ಗಿಟಾರಿಗೇ ಹೆಸರಾದ ಎರಿಕ್ ಕ್ಲ್ಯಾಪ್ಟನ್, ಬ್ರಯಾನ್ ಮೇ ಶುರುಮಾಡಿದ್ದು ಆ ಕೈಪಿಡಿಯಿಂದಲೇ.

ಲಿವರ್‌ಪೂಲ್‌ನಲ್ಲಿ ಜಾನ್ ಲೆನನ್‌ಗೆ ಅಮ್ಮ ಕಲಿಸಿದ್ದು ಬ್ಯಾಂಜೋ ಕಾರ್ಡ್‌ಗಳನ್ನು. ಗಿಟಾರಿನ ಮೇಲೂ ಅವನ್ನೇ ಹಿಡಿಯುತ್ತಿದ್ದ. ಗೆಳೆಯ ಪಾಲ್ ಮೆಕಾರ್ಟ್ನಿ ಎಡಚ, ತಂತಿಗಳನ್ನು ತಿರುವುಮುರುವಾಗಿ ಕಟ್ಟಿಕೊಂಡಿದ್ದ. ಇಬ್ಬರಿಗೂ ಇ ಗೊತ್ತಿತ್ತು, ಎ ಗೊತ್ತಿತ್ತು, ಬಿ ಸೆವೆನ್ ಗೊತ್ತಿರಲಿಲ್ಲ. ಅದಿಲ್ಲದೆ ಇ ಶ್ರುತಿಯ ಬ್ಲೂಸ್ ಮುಗಿಯುವುದಿಲ್ಲ. ಊರಿನ ಆ ತುದಿಯಲ್ಲಿ ಯಾರಿಗೋ ಬರುತ್ತದಂತೆ ಎಂದು ಕೇಳಿದ್ದೇ ಬಸ್ಸು ಹತ್ತಿ ಹೋದರು. ಮೆಕಾರ್ಟ್ನಿ ಇದನ್ನು ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಇ ಮತ್ತು ಎ ಹಿಡಿಯಲು ಮೂರು ಬೆರಳು ಸಾಕು, ಬಿ ಸೆವೆನ್ ನಾಲ್ಕನ್ನೂ ಕೇಳುತ್ತದೆ. ಅಲ್ಲಿಯವರೆಗೆ ಸುಮ್ಮನೆ ಸೆಟೆದು ನಿಂತಿದ್ದ ಕಿರುಬೆರಳು ತೀರ ತೆಳು ತಂತಿಯ ಎರಡನೇ ಫ್ರೆಟ್‌ಗೆ ಹೋಗಿ ಕೂರಬೇಕು. ಪುಸ್ತಕದಲ್ಲಿ ಅದು ಬರೀ ನಾಲ್ಕು ಚುಕ್ಕೆ. ಎದುರಿಗೆ ಕೂತು ಒಬ್ಬರು ಹಿಡಿದು ತೋರಿಸಿದರೆ ಐದು ನಿಮಿಷದ ಕೆಲಸ. ಬಸ್ಸಿನ ದುಡ್ಡು ದಂಡವಾಗಲಿಲ್ಲ.