ಜನಪ್ರಿಯ ಮುದ್ರಣ, ಚಲನಚಿತ್ರ ಮತ್ತು ನಮ್ಮ ಹೊಣೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಮರಿಕಲ್ಲಿನ ಈ ಉತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ನನ್ನನ್ನು ಕರೆದಾಗ, ಕನ್ನಡ ಪಂಡಿತನು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವನೆಂದು ಬಹುಮಂದಿ ಎಣಿಸಿದ್ದಿರಬಹುದು. ನಾನು ಆರಿಸಿಕೊಂಡಿರುವ ವಿಷಯವು ಅದಕ್ಕಿಂತ ಕಿರಿದಾಗಿ ತೋರೀತು. ಸಿನಿಮಾ ಪದ್ಯಗಳ ಪುಸ್ತಕ, ನಾಟಕದ ಹಸ್ತಪತ್ರಿಕೆ, ವಾರಪತ್ರಿಕೆಯ ಧಾರಾವಾಹಿ, ಜಾತ್ರೆಯ ಅಂಗಡಿಯಲ್ಲಿ ಮಾರುವ ಕಥೆಯ ಹೊತ್ತಗೆ, ಇವನ್ನು ವಿದ್ವತ್ತಿನ ದೃಷ್ಟಿಯಿಂದ ನೋಡುವುದು ಉಚಿತವೆ, ನೋಡಿದರೆ ನಮಗೆ ದೊರೆಯುವುದೇನು ಎಂಬುದೇ ಆ ವಿಷಯ. ನನ್ನನ್ನು ಇದರತ್ತ ಎಳೆದುತಂದುದು ನಾನೇ ಮಾಡಿದ ಒಂದು ತಪ್ಪು. ಅದನ್ನು ಮೊದಲು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾನು ಆಗ ಹೊಸದಾಗಿ ಉಪಾಧ್ಯಾಯನಾಗಿದ್ದೆನು. ತರಗತಿಯಲ್ಲಿ ಸಂಧಿಪ್ರಕರಣವನ್ನು ಬೋಧಿಸುತ್ತಿದ್ದಾಗ, ಒಬ್ಬ ಹುಡುಗನು ಪಠ್ಯಪುಸ್ತಕದ ನಡುವೆ ಬೇರೇನನ್ನೋ ಇಟ್ಟುಕೊಂಡು ಓದುತ್ತಿದ್ದನು. ಕಸಿದು ನೋಡಿದೆ, ‘ಬೇಡರ ಕಣ್ಣಪ್ಪ’ ಚಿತ್ರದ ಪದ್ಯಗಳ ಪುಸ್ತಕ. ಹಾಳೆಗಳು ಹಳದಿಗಟ್ಟಿದ್ದುವು, ಬೆನ್ನಿಗೆ ದಾರದ ಹೊಲಿಗೆ ಹಾಕಿತ್ತು. ಹುಡುಗನನ್ನು ಗದರಿಸಿ, ಅದನ್ನು ರದ್ದಿ ಕಾಗದಗಳ ಜೊತೆಗೆ ಎಸೆದೆನು. ನಾಲ್ಕು ದಿನಗಳ ಮೇಲೆ ಅವನ ಅಜ್ಜಿ ಶಾಲೆಯ ಬಾಗಿಲಿಗೆ ಬಂದು ನಿಂತರು. “ಮಾಸ್ತರ್ರ, ಆ ಪುಸ್ತಕ ಕೊಡ್ರಿ. ಅದ್ರಾಗ ನಾನು ಓದಾಕ ಕಲ್ತೀನಿ” ಎಂದರು. ಅಷ್ಟರಲ್ಲಿ ರದ್ದಿಯು ಗಾಡಿ ಹತ್ತಿ ಹೋಗಿಯಾಗಿತ್ತು.

ಆ ತಾಯಿ ರಾಯಚೂರ ಕಡೆಯ ತವರಿನವರು. ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಹುಡುಗಿಯಾಗಿದ್ದಾಗ ರಾಯಚೂರಿನಲ್ಲಿ ಚಿತ್ರವನ್ನು ನೋಡಿದ ದಿನ, ಅವರ ತಂದೆ ಎರಡಾಣೆ ಕೊಟ್ಟು ಆ ಪುಸ್ತಕವನ್ನು ಕೊಂಡಿದ್ದರಂತೆ. ಹಾಡುಗಳು ಮೊದಲೇ ಬಾಯಿಗೆ ಬಂದಿದ್ದುವು. ಬಾಯಲ್ಲಿದ್ದ ಮಾತನ್ನು ಅಚ್ಚಿನ ಅಕ್ಷರದ ಮೇಲೆ ಬೆರಳಿಟ್ಟು ಹೊಂದಿಸಿ ಹೊಂದಿಸಿ ಅವರು ಓದಲು ಕಲಿತರು. ಮದುವೆಯಾಗಿ ಈ ಸೀಮೆಗೆ ಬರುವಾಗ ಅದನ್ನು ಸೀರೆಗಳ ನಡುವೆ ಇಟ್ಟು ತಂದರು. ನಾನು ಯಾವುದನ್ನು ಕನ್ನಡದ ಓದಿಗೆ ಅಡ್ಡಿಯೆಂದು ಎಸೆದೆನೋ, ಅದೇ ಒಂದು ಮನೆಗೆ ಕನ್ನಡದ ಓದನ್ನು ತಂದಿತ್ತು.

ಈಗ ಆ ಪುಸ್ತಕವನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರಿಸೋಣ. ‘ಬೇಡರ ಕಣ್ಣಪ್ಪ’ವು ತೆರೆಕಂಡುದು 1954ರಲ್ಲಿ, ನಿರ್ದೇಶಕರು ಎಚ್.ಎಲ್.ಎನ್. ಸಿಂಹ, ನಾಯಕರಾಗಿ ಮೊದಲ ಬಾರಿಗೆ ಕಾಣಿಸಿಕೊಂಡವರು ರಾಜಕುಮಾರ್. ಅವರೂ ಅವರ ತಂದೆಯವರೂ ಗುಬ್ಬಿ ವೀರಣ್ಣನವರ ನಾಟಕ ಮಂಡಲಿಯಲ್ಲಿ ಪಳಗಿದವರು. ಕಥೆಯಾದರೋ ಬಹಳ ಹಳೆಯದು. ಕನ್ನಡದಲ್ಲಿ ಹರಿಹರನು ಕಣ್ಣಪ್ಪನನ್ನು ರಗಳೆಯಲ್ಲಿ ಹಾಡಿದನು. ತೆಲುಗಿನಲ್ಲಿ ಹದಿನಾರನೆಯ ಶತಮಾನದ ಧೂರ್ಜಟಿಯು ಕಾಳಹಸ್ತಿಯ ಮಾಹಾತ್ಮ್ಯವನ್ನು ಹೇಳುತ್ತ ಅದೇ ಬೇಡನ ಭಕ್ತಿಯನ್ನು ವರ್ಣಿಸಿದನು. 1954ರಲ್ಲಿಯೇ ಈ ಕಥೆಯು ‘ಕಾಳಹಸ್ತಿ ಮಹಾತ್ಮ್ಯಂ’ ಎಂಬ ಹೆಸರಿನಿಂದ ತೆಲುಗು ಚಿತ್ರವೂ ಆಯಿತು. ಅದರಲ್ಲಿಯೂ ಕಣ್ಣಪ್ಪನ ಪಾತ್ರವನ್ನು ರಾಜಕುಮಾರರೇ ವಹಿಸಿದರು. ಹೀಗೆ ಎರಡು ಭಾಷೆಗಳ ಕಾವ್ಯಪರಂಪರೆ, ಕಂಪನಿ ನಾಟಕದ ರಂಗಭೂಮಿ, ಹೊಸ ಯಂತ್ರಕಲೆ, ಅಗ್ಗದ ಮುದ್ರಣ, ಇವೆಲ್ಲವೂ ಎರಡಾಣೆಯ ಆ ಪುಸ್ತಕದಲ್ಲಿ ಕೂಡಿದ್ದುವು. ಇಷ್ಟನ್ನು ಒಳಗೊಂಡ ವಸ್ತುವು ಅಧ್ಯಯನಕ್ಕೆ ಯೋಗ್ಯವಲ್ಲವೆಂದು ಹೇಗೆ ಹೇಳೋಣ?

ಇನ್ನೊಂದು ಅಂಶವನ್ನು ಗಮನಿಸಬೇಕು. ಆ ಚಿತ್ರವು ಬಂದಾಗ ಮರಿಕಲ್, ನಾರಾಯಣಪೇಟೆ, ಮಕ್ತಲ್, ಗದ್ವಾಲಗಳೂ ರಾಯಚೂರೂ ಒಂದೇ ಹೈದರಾಬಾದ್ ರಾಜ್ಯದೊಳಗಿದ್ದುವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೂ ನಾವು ಆಂಧ್ರಪ್ರದೇಶಕ್ಕೂ ಸೇರಿದೆವು, 2014ರಲ್ಲಿ ತೆಲಂಗಾಣದವರಾದೆವು, 2019ರಲ್ಲಿ ನಾರಾಯಣಪೇಟೆಯೇ ಜಿಲ್ಲೆಯಾಯಿತು. ಗಡಿಯು ಎಲ್ಲಿ ಬಿದ್ದಿತೆಂಬುದನ್ನು ಸರಕಾರದ ಕಾಗದಗಳು ಹೇಳುತ್ತವೆ. ಕನ್ನಡಿಗರು ಎಷ್ಟು ಮಂದಿಯೆಂಬುದನ್ನು ಜನಗಣತಿಯು ಹೇಳುತ್ತದೆ. ಆದರೆ ಗಡಿ ಬಿದ್ದ ಮೇಲೂ ಇಲ್ಲಿಯ ಮನೆಗಳಲ್ಲಿ ಏನನ್ನು ಓದಿದರು, ಏನನ್ನು ಹಾಡಿದರು, ಯಾವ ಕಥೆಗೆ ಕಣ್ಣೀರು ಸುರಿಸಿದರು ಎಂಬುದನ್ನು ಇಂಥ ಪುಸ್ತಕಗಳೇ ಹೇಳಬೇಕು.

ಇಂಥ ಕಾಗದದ ಬೆಲೆಯನ್ನು ಕನ್ನಡ ಚಿತ್ರರಂಗದ ಆದಿಯೇ ನಮಗೆ ಕಲಿಸುತ್ತದೆ. ಕನ್ನಡದಲ್ಲಿ ಮೊದಲು ತೆರೆಕಂಡ ಮಾತಿನ ಚಿತ್ರ ‘ಸತಿ ಸುಲೋಚನ’. ಅದು 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ನಿರ್ದೇಶಕರು ವೈ.ವಿ. ರಾವ್, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ನಟಿಸಿದರು, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತುಗಳನ್ನೂ ಹಾಡುಗಳನ್ನೂ ಬರೆದರು. ಆ ಚಿತ್ರದ ಪ್ರತಿಯು ಇಂದು ಉಳಿದಿಲ್ಲ. ಕಣ್ಣಿಂದ ಕಾಣಲಾಗದ ಚಿತ್ರದ ವಿಷಯವನ್ನು ತಿಳಿಯಬೇಕಾದವನಿಗೆ ಆ ಕಾಲದ ಜಾಹೀರಾತು, ಪತ್ರಿಕೆಯ ಬರಹ, ನಟರ ನೆನಪುಗಳೇ ಗತಿ. ಬೆಳ್ಳಿತೆರೆಯು ಕಳೆದುಕೊಂಡುದಕ್ಕೆ ಕಾಗದವೇ ಸಾಕ್ಷಿಯಾಗಬೇಕು.

ಹಿಂದೆಯೂ ಹೀಗೆಯೇ ಆಗಿದೆ. ಬೀಸುವ ಕಲ್ಲಿನ ಹಾಡನ್ನು ಪಂಡಿತರು ಬಹುಕಾಲ ಕಾವ್ಯವೆಂದು ಎಣಿಸಲಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದರು. ಇಂದು ಜಾನಪದವು ವಿಶ್ವವಿದ್ಯಾಲಯದ ವಿಷಯ. ಚಲನಚಿತ್ರಕ್ಕೂ ಆ ಕಾಲ ಬಂದಿದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಮೂಲಕ ಹಳ್ಳಿಯವರಿಗೆ ಜಗತ್ತಿನ ಉತ್ತಮ ಚಿತ್ರಗಳನ್ನು ತೋರಿಸಿ ಚರ್ಚೆಗೆ ಕೂರಿಸಿದರು. ಹೈದರಾಬಾದಿನಲ್ಲಿ ಅಧ್ಯಾಪಕರಾಗಿದ್ದ ಎಂ. ಮಾಧವ ಪ್ರಸಾದರು 2014ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಎಂ.ಜಿ.ಆರ್., ಎನ್.ಟಿ.ಆರ್., ರಾಜಕುಮಾರ್ ಮೂವರನ್ನೂ ಒಟ್ಟಿಗಿಟ್ಟು ಪರಿಶೀಲಿಸಿದ್ದಾರೆ. ಮೊದಲಿಬ್ಬರು 1977ರಲ್ಲಿಯೂ 1983ರಲ್ಲಿಯೂ ಮುಖ್ಯಮಂತ್ರಿಗಳಾದರು. 1982ರ ಗೋಕಾಕ್ ಚಳವಳಿಗೆ ಧುಮುಕಿದ ರಾಜಕುಮಾರರು ಚುನಾವಣೆಗೆ ನಿಲ್ಲಲೇ ಇಲ್ಲ. ಇಬ್ಬರು ನಾಯಕರ ಚಿತ್ರಗಳನ್ನೂ ಒಂದೇ ಊರಿನಲ್ಲಿ ನೋಡಿದ ನಮ್ಮಂಥವರಿಗೆ ಈ ಪ್ರಶ್ನೆಯು ಮನೆಯ ಪ್ರಶ್ನೆಯೇ ಸರಿ.

ಅಧ್ಯಯನವೆಂದರೆ ಹೊಗಳಿಕೆಯಲ್ಲ. ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲರು 1967ರಲ್ಲಿಯೂ ‘ಶರಪಂಜರ’ವನ್ನು 1971ರಲ್ಲಿಯೂ ಚಿತ್ರವಾಗಿಸಿದರು. ಪುಸ್ತಕದ ಹೆಣ್ಣು ತೆರೆಗೆ ಬರುವಾಗ ಏನನ್ನು ಪಡೆದಳು, ಏನನ್ನು ಕಳೆದುಕೊಂಡಳು ಎಂದು ಎರಡನ್ನೂ ಬಳಿಯಿಟ್ಟು ನೋಡಬೇಕು. ನಮ್ಮ ಕಡೆಯ ಮಾತಿಗೆ ತೆರೆಯ ಮೇಲೆ ದೊರೆತ ಸ್ಥಾನವನ್ನೂ ಕೇಳಬೇಕು. ನಾಯಕನ ಬಾಯಲ್ಲಿ ಮೈಸೂರು ಸೀಮೆಯ ಕನ್ನಡ, ನಗಿಸುವವನ ಬಾಯಲ್ಲಿ ಉತ್ತರದ ಕನ್ನಡ, ಇದು ಬಹುಕಾಲ ನಡೆದುಬಂದ ವಾಡಿಕೆ. ತಮ್ಮ ಅಜ್ಜಿಯ ಮಾತಿಗೆ ಊರೆಲ್ಲ ನಗುವುದನ್ನು ಕಂಡ ಮಗುವು ಆ ಮಾತನ್ನು ಆಡಲು ನಾಚಿತೆಂದರೆ, ತಪ್ಪು ಮಗುವಿನದಲ್ಲ.

ಬಂಧುಗಳೇ, ಇದಕ್ಕೆ ದೊಡ್ಡ ಪದವಿಯಾಗಲಿ ಹಣವಾಗಲಿ ಬೇಡ. ನಿಮ್ಮ ಮನೆಯ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಏನಿದೆಯೆಂದು ಈ ವಾರವೇ ನೋಡಿರಿ. ಪದ್ಯಗಳ ಪುಸ್ತಕ, ನಾಟಕದ ಹಸ್ತಪತ್ರಿಕೆ, 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’, 1965ರಲ್ಲಿ ಆರಂಭವಾದ ‘ಸುಧಾ’, ಗದಗಿನಲ್ಲಿಯೋ ಬೆಂಗಳೂರಿನ ಚಿಕ್ಕಪೇಟೆಯಲ್ಲಿಯೋ ಅಚ್ಚಾದ ಕಥೆಯ ಹೊತ್ತಗೆ, ಯಾವುದಾದರೂ ಸರಿ. ಒಂದು ಹಾಳೆಯಲ್ಲಿ ಐದು ಸಂಗತಿಗಳನ್ನು ಬರೆಯಿರಿ: ಹೆಸರು, ಅಚ್ಚಾದ ಊರು ಮತ್ತು ವರ್ಷ, ಬೆಲೆ, ಅದರ ಮೇಲೆ ಯಾರ ಕೈಬರಹವಿದೆ, ಮನೆಗೆ ಹೇಗೆ ಬಂದಿತು. ಅಂಚಿನಲ್ಲಿ ತೆಲುಗು ಲಿಪಿಯಲ್ಲಿ ಬರೆದ ಕನ್ನಡ ಹಾಡಿದ್ದರೆ ಅದನ್ನು ಅಳಿಸಬೇಡಿರಿ. ಈ ಗಡಿಯಲ್ಲಿ ಎರಡು ಅಕ್ಷರಗಳು ಒಂದೇ ಕೈಯಲ್ಲಿ ಹೇಗೆ ಬಾಳಿದುವೆಂಬುದಕ್ಕೆ ಅದು ಪ್ರಮಾಣ. ಪುಸ್ತಕವು ನಿಮ್ಮಲ್ಲಿಯೇ ಇರಲಿ. ಪಟ್ಟಿಯನ್ನು ಮಾತ್ರ ಸಂಘಕ್ಕೆ ಕೊಡಿರಿ. ಮಕ್ಕಳಿಂದಲೇ ಬರೆಯಿಸಿರಿ; ಅಜ್ಜಿಯನ್ನು ಕೇಳಿ ಬರೆಯುವ ಆ ಐದು ಸಾಲುಗಳು ನಾನು ಕಲಿಸುವ ಪ್ರಬಂಧಕ್ಕಿಂತ ಮೇಲಾದ ಕನ್ನಡ ಪಾಠವಾದಾವು.

ಆ ತಾಯಿಗೆ ಪುಸ್ತಕವನ್ನು ಹಿಂದಿರುಗಿಸುವುದು ನನ್ನಿಂದಾಗಲಿಲ್ಲ. ಮರುವಾರ ನೋಟುಪುಸ್ತಕವನ್ನು ಹಿಡಿದು ಅವರ ಮನೆಗೆ ಹೋದೆನು. ಅವರು ನೆನಪಿನಿಂದ ಹಾಡಿದರು, ನಾನು ಬರೆದುಕೊಂಡೆನು, ಮೊಮ್ಮಗನು ಪಕ್ಕದಲ್ಲಿ ಕುಳಿತು ನನ್ನ ಕಾಗುಣಿತವನ್ನು ನೋಡುತ್ತಿದ್ದನು. ಸಂಘಕ್ಕೆ ಕೊಡಲು ನನ್ನ ಪಟ್ಟಿಯನ್ನು ಈಗಲೇ ತಂದಿದ್ದೇನೆ. ಅದರ ಮೊದಲನೆಯ ಸಾಲಿನಲ್ಲಿ ಆ ಪುಸ್ತಕದ ಹೆಸರಿದೆ. ಮುಂದೆ ‘ಉಪಾಧ್ಯಾಯನ ಅಜ್ಞಾನದಿಂದ ನಷ್ಟವಾಯಿತು’ ಎಂದು ಬರೆದಿದ್ದೇನೆ. ಎರಡನೆಯ ಸಾಲನ್ನು ತಮ್ಮಲ್ಲಿ ಯಾರಾದರೂ ತುಂಬಬೇಕೆಂದು ಬೇಡುತ್ತೇನೆ.