ನಡುದಾರಿಯ ನಿಲುಗಡೆ

(ಮೇ 31, ಮಾತೆ ಮರಿಯಮ್ಮನವರ ಸಂದರ್ಶನದ ಹಬ್ಬದಂದು ನೀಡಿದ ಪ್ರಬೋಧನೆ)



ಇಂದು ಮಾತೆ ಮರಿಯಮ್ಮನವರ ಸಂದರ್ಶನದ ಹಬ್ಬ. 1389ರಲ್ಲಿ ಇಡೀ ಧರ್ಮಸಭೆಗೆ ವಿಸ್ತರಿಸಲಾದ ಈ ಹಬ್ಬವನ್ನು ಹಿಂದೆ ಜುಲೈ 2ರಂದು ಆಚರಿಸುತ್ತಿದ್ದರು. 1969ರಲ್ಲಿ ಧರ್ಮಸಭೆಯ ಪಂಚಾಂಗವನ್ನು ಪರಿಷ್ಕರಿಸಿದಾಗ ಅದು ಮೇ 31ಕ್ಕೆ, ಮಾತೆಯ ತಿಂಗಳೆಂದು ನಾವು ಜಪಸರ ಮಾಡುವ ಮೇ ತಿಂಗಳ ಕೊನೆಯ ದಿನಕ್ಕೆ ಬಂತು. ಮಲೆನಾಡಿನವರಾದ ನಮಗೆ ಇದು ಗಡಿಬಿಡಿಯ ಕಾಲ. ಸೌದೆ ಒಳಗೆ ಸೇರಬೇಕು, ಮನೆಯ ಹೆಂಚು ಸರಿಮಾಡಬೇಕು, ಮಳೆ ಹಿಡಿಯುವ ಮೊದಲು ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಇಂಥ ಸಮಯದಲ್ಲಿ ಮನೆಯ ಯಜಮಾನಿ ಪ್ರಯಾಣ ಹೊರಟರೆ ಮನೆಯ ಗತಿ ಏನು? ಆದರೂ ನಮ್ಮ ತಾಯಂದಿರು ಹೊರಡುತ್ತಾರೆ. ಕಾರಣ ನಮಗೆಲ್ಲ ಗೊತ್ತು. ದೂರದೇಶದಲ್ಲಿರುವ ಮಗಳಿಗೆ ದಿನ ತುಂಬಿದೆ, ಬಾಣಂತನ ಮಾಡಲು ಅಮ್ಮ ಬೇಕು.

ಇಂದಿನ ಶುಭಸಂದೇಶವೂ ಬಾಣಂತನಕ್ಕೆ ಹೊರಟ ಪ್ರಯಾಣದ ಕಥೆಯೇ. ಮುಪ್ಪಿನಲ್ಲಿ ಗರ್ಭಿಣಿಯಾದ ಎಲಿಜಬೇತಮ್ಮನಿಗೆ ಆರನೆಯ ತಿಂಗಳು. ಸುದ್ದಿ ತಿಳಿದ ಮರಿಯಮ್ಮ ತಡಮಾಡದೆ ಜುದೇಯದ ಗುಡ್ಡಗಾಡಿನ ಊರಿಗೆ ಹೊರಟರು. ಕರೆ ಬರಲಿ ಎಂದು ಕಾಯಲಿಲ್ಲ. ಅಲ್ಲಿ ಸುಮಾರು ಮೂರು ತಿಂಗಳು ಇದ್ದು ಮನೆಗೆ ಮರಳಿದರು ಎಂದು ಸಂತ ಲೂಕರು ಬರೆಯುತ್ತಾರೆ. ಮೂರು ತಿಂಗಳು! ಇಂದು ಐರ್ಲೆಂಡಿನಲ್ಲಿ ನರ್ಸ್ ಆಗಿರುವ ಮಗಳನ್ನು ನೋಡಲು ಹೋಗುವ ತಾಯಿಗೆ ಸಿಗುವ ಸಂದರ್ಶನದ ವೀಸಾ ಹೆಚ್ಚೆಂದರೆ 90 ದಿನ. ಅದೂ ಮೂರು ತಿಂಗಳೇ.

ನಜರೇತಿನಿಂದ ಆ ಊರಿಗೆ ದೂರ ಎಷ್ಟು? ಪರಂಪರೆ ಹೇಳುವಂತೆ ಎಲಿಜಬೇತಮ್ಮನ ಊರು ಜೆರುಸಲೇಮಿನ ಪಕ್ಕದ ಐನ್ ಕರೀಂ. ಹಾಗಾದರೆ ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ಸಾಗರದಿಂದ ಹೊಸನಗರ, ತೀರ್ಥಹಳ್ಳಿ ದಾಟಿ, ಆಗುಂಬೆ ಘಟ್ಟ ಇಳಿದು ಉಡುಪಿಯ ಕಡೆಗೆ ನಡೆದುಕೊಂಡು ಹೋದಂತೆ. ಒಂದೇ ದಿನದಲ್ಲಿ ಮುಗಿಯುವ ದಾರಿಯಲ್ಲ. ನಡುವೆ ಮೂರೋ ನಾಲ್ಕೋ ರಾತ್ರಿ ಎಲ್ಲಾದರೂ ತಂಗಲೇಬೇಕು. ಎಲ್ಲಿ ತಂಗಿದರು? ಯಾರು ನೀರು ಕೊಟ್ಟರು? ಯಾರ ಜಗಲಿಯಲ್ಲಿ ಮಲಗಿದರು? ಸಂತ ಲೂಕರು ಏನನ್ನೂ ಹೇಳುವುದಿಲ್ಲ. ಒಂದು ವಾಕ್ಯದಲ್ಲಿ ಮರಿಯಮ್ಮ ಹೊರಟರು, ಮುಂದಿನ ವಾಕ್ಯದಲ್ಲಿ ಜಕರೀಯನ ಮನೆಯೊಳಗೆ ಕಾಲಿಟ್ಟರು. ಲೂಕರು ಬರೆಯದೆ ಬಿಟ್ಟ ಆ ನಡುದಾರಿಯ ರಾತ್ರಿಗಳಲ್ಲೂ ಪ್ರಭು ಯೇಸು ತಾಯಿಯ ಗರ್ಭದಲ್ಲಿದ್ದರು. ಹೊರಟ ಮನೆಯಲ್ಲೂ ಇದ್ದರು, ಸೇರುವ ಮನೆಯಲ್ಲೂ ಇದ್ದರು, ನಡುದಾರಿಯಲ್ಲೂ ಇದ್ದರು. ಈ ಹಬ್ಬದಲ್ಲಿ ನಾವು ಧ್ಯಾನಿಸಬೇಕಾದ ಸತ್ಯ ಇದು.

ನಡುದಾರಿಯಲ್ಲಿ ಕಾಯುವುದು ನಮ್ಮ ಸೀಮೆಗೆ ಹೊಸತಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ, ಕರೂರು ಸೀಮೆಗೆ ಹೋಗುವವರೆಲ್ಲ ಹೊಳೆಬಾಗಿಲಿನ ದಡದಲ್ಲಿ ಲಾಂಚ್‌ಗಾಗಿ ಕಾದಿದ್ದೇವೆ. ಮದುವೆಯ ದಿಬ್ಬಣವೂ ಕಾದಿದೆ, ಆಸ್ಪತ್ರೆಗೆ ಹೊರಟ ಗರ್ಭಿಣಿಯೂ ಕಾದಿದ್ದಾಳೆ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಇತ್ತ ಕಡೆಯೇ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ಉದ್ಘಾಟನೆಯಾಯಿತು. ಆರು ದಶಕಗಳ ಕಷ್ಟ ನೀಗಿತು, ದೇವರಿಗೆ ಸ್ತೋತ್ರ. ಆದರೆ ಆ ದಡದಲ್ಲಿ ಕಾಯುತ್ತಾ ಎಷ್ಟು ಜನರ ಪರಿಚಯವಾಗಿತ್ತು, ಯಾರ ಮನೆಯ ಕಷ್ಟಸುಖ ಯಾರಿಗೆ ತಿಳಿದಿತ್ತು ಎಂಬುದನ್ನು ಕಾದವರೇ ಬಲ್ಲರು.

ನಮ್ಮ ಇಕ್ಕೇರಿಗೆ ಬಂದ ಒಬ್ಬ ಪಯಣಿಗನನ್ನೂ ನೆನೆಯೋಣ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತ, ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿದ. ಆತನ ಎದೆಯಲ್ಲಿ ದೊಡ್ಡ ದುಃಖವಿತ್ತು. ಹೆಂಡತಿ ಮಾನಿ 1621ರಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಅವಳನ್ನು ಪರದೇಶದ ಮಣ್ಣಿನಲ್ಲಿ ಬಿಡಲು ಮನಸ್ಸಾಗದೆ, ದೇಹ ಕೆಡದಂತೆ ಪೆಟ್ಟಿಗೆಯಲ್ಲಿ ಇರಿಸಿ, ದೇಶದೇಶ ದಾಟಿಸಿ, ಕೊನೆಗೆ 1627ರಲ್ಲಿ ರೋಮಿನ ತನ್ನ ಕುಟುಂಬದ ಸಮಾಧಿಯಲ್ಲಿ ಇಟ್ಟ.

ಇಕ್ಕೇರಿಯ ದಾರಿಯಲ್ಲಿ, ಘಟ್ಟದ ಮೇಲಿನ ಹನುಮಂತನ ಗುಡಿಯ ಜಗಲಿಯಲ್ಲಿ, ಹೊರೆ ಕಟ್ಟಿ ಮುಗಿಯುವವರೆಗೆ ಆತ ಕಾಯಬೇಕಾಯಿತು. ಅಲ್ಲಿ ನಾಲ್ಕು ಮಕ್ಕಳು ಗುರುವಿಲ್ಲದೆಯೇ ಕುಳಿತು, ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಾ, ರಾಗವಾಗಿ ಹಾಡಿ ಲೆಕ್ಕ ಕಲಿಯುತ್ತಿದ್ದರು. ಮರೆತರೆ ತಿದ್ದುವವರು ಯಾರು ಎಂದು ಆತ ಕೇಳಿದ. ನಾಲ್ವರೂ ಒಂದೇ ಕಡೆ ಮರೆಯುವುದುಂಟೇ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತೇವೆ ಎಂಬ ಅರ್ಥದಲ್ಲಿ ಮಕ್ಕಳು ಉತ್ತರಿಸಿದರು. ಆತ ಅದನ್ನು ತನ್ನ ಪತ್ರದಲ್ಲಿ ಬರೆದಿಟ್ಟ. ಇಕ್ಕೇರಿಯ ಅರಮನೆಯನ್ನು ನೋಡಲು ಹೊರಟವನಿಗೆ ನಡುದಾರಿಯ ಜಗಲಿಯಲ್ಲಿ ಒಂದು ಪಾಠ ಸಿಕ್ಕಿತು. ಅದು ಇಂದು ನಮ್ಮ ಕುಟುಂಬಗಳಿಗೂ ಬೇಕಾದ ಪಾಠ. ಒಬ್ಬರು ಡಬ್ಲಿನ್‌ನಲ್ಲಿ, ಒಬ್ಬರು ದುಬೈಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಇಬ್ಬರು ಮುದುಕರು ಊರಿನಲ್ಲಿ. ಎಲ್ಲರೂ ಒಟ್ಟಿಗೆ ಮರೆಯದಿದ್ದರೆ ಕುಟುಂಬ ಉಳಿಯುತ್ತದೆ. ಒಬ್ಬರು ಪ್ರಾರ್ಥನೆ ಮರೆತರೆ ಇನ್ನೊಬ್ಬರು ನೆನಪಿಸಬೇಕು. ಒಬ್ಬರು ಫೋನ್ ಮಾಡುವುದನ್ನು ಮರೆತರೆ ಇನ್ನೊಬ್ಬರು ಮಾಡಬೇಕು.

ಈಗ ನಮ್ಮವರೇ ಆದ ಒಬ್ಬ ತಾಯಿಯ ವಿಷಯ. ಹೆಸರು ಬೇಡ. ಅವರು ಓದಿದ್ದು ಏಳನೆಯ ತರಗತಿ, ಕನ್ನಡ ಶಾಲೆಯಲ್ಲಿ. ಗೊತ್ತಿರುವುದು ಮನೆಯ ಕೊಂಕಣಿ, ಊರಿನ ಕನ್ನಡ. ಡಬ್ಲಿನ್‌ನಲ್ಲಿರುವ ಮಗಳ ಬಾಣಂತನಕ್ಕೆ ಒಬ್ಬರೇ ಹೊರಟರು. ಬಾಣಂತಿ ಲೇಹ್ಯ, ಕೊಬ್ಬರಿ ಎಣ್ಣೆ, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಎಲ್ಲ ಕಟ್ಟಿಕೊಂಡರು. ಮನೆಯ ಹಸುವಿನ ತುಪ್ಪವನ್ನು ಮಾತ್ರ ಒಯ್ಯಲಾಗಲಿಲ್ಲ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿನ ಒಕ್ಕೂಟದ ದೇಶಗಳು ನಿಷೇಧಿಸಿವೆ. “ತುಪ್ಪವಿಲ್ಲದ ಬಾಣಂತನ ಎಂಥದ್ದು ಫಾದರ್?” ಎಂದು ಆ ತಾಯಿ ಬೇಸರಪಟ್ಟುಕೊಂಡರು. ಮೊಮ್ಮಗ ಒಂದು ಹಾಳೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಟ್ಟ: ನಾನು ಡಬ್ಲಿನ್‌ಗೆ ಹೋಗಬೇಕು, ದಯವಿಟ್ಟು ದಾರಿ ತೋರಿಸಿ. ಸಾಗರ ಜಂಬಗಾರಿನಲ್ಲಿ ರಾತ್ರಿ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ದೋಹಾ. ದೋಹಾದಲ್ಲಿ ಇನ್ನೊಂದು ವಿಮಾನಕ್ಕೆ ಒಂಬತ್ತು ಗಂಟೆ ಕಾಯಬೇಕು.

ಒಂಬತ್ತು ಗಂಟೆ! ಎದ್ದುಹೋದರೆ ದಾರಿ ತಪ್ಪೀತು ಎಂಬ ಹೆದರಿಕೆಗೆ ಆ ತಾಯಿ ನೀರು ಸಹ ಕುಡಿಯದೆ ಕುಳಿತಿದ್ದರು. ಪಕ್ಕದಲ್ಲಿ ಫಿಲಿಪ್ಪೀನ್ಸಿನ ಒಬ್ಬ ಹೆಣ್ಣುಮಗಳು ಸದ್ದಿಲ್ಲದೆ ಅಳುತ್ತಿದ್ದಳು. ಮಾತು ತಿಳಿಯದು. ಅವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಶವಪೆಟ್ಟಿಗೆ, ಸುತ್ತ ಮೇಣದಬತ್ತಿ, ಹೂವು. ಅವಳ ತಾಯಿ ತೀರಿಕೊಂಡಿದ್ದರು. ನಮ್ಮ ತಾಯಿ ಏನೂ ಹೇಳಲಾಗದೆ ಚೀಲದಿಂದ ಜಪಸರ ತೆಗೆದರು. ಅದನ್ನು ಕಂಡ ಆ ಹೆಣ್ಣುಮಗಳೂ ತನ್ನ ಜಪಸರ ತೆಗೆದಳು. ಒಬ್ಬರು ಕೊಂಕಣಿಯಲ್ಲಿ, ಒಬ್ಬರು ತಮ್ಮ ಭಾಷೆಯಲ್ಲಿ ಐದು ರಹಸ್ಯಗಳನ್ನೂ ಮುಗಿಸಿದರು. ಆಮೇಲೆ ಆ ಹುಡುಗಿಯೇ ಕಾಗದ ಓದಿ, ನೀರು ತಂದುಕೊಟ್ಟು, ಕೈಹಿಡಿದು ಡಬ್ಲಿನ್ ವಿಮಾನದ ಬಾಗಿಲಿಗೆ ಬಿಟ್ಟು ಹೋದಳು. “ಮೊದಲ ಬಾಣಂತನ ದೋಹಾದಲ್ಲೇ ಆಯಿತು ಫಾದರ್” ಎಂದು ಆ ತಾಯಿ ನಗುತ್ತಾ ಹೇಳಿದರು. ಒಬ್ಬರನ್ನೊಬ್ಬರು ಕಾಯುವುದೇ ಬಾಣಂತನವಾದರೆ ಅವರು ಹೇಳಿದ್ದು ನಿಜ.

ಆದರೆ ಪ್ರಿಯರೇ, ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಹೋದವರ ಮಾತಾಯಿತು, ಉಳಿದವರ ಮಾತೇನು? ಮರಿಯಮ್ಮ ಮೂರು ತಿಂಗಳು ಎಲಿಜಬೇತಮ್ಮನ ಮನೆಯಲ್ಲಿದ್ದಾಗ ಸಂತ ಜೋಸೆಫರು ನಜರೇತಿನಲ್ಲಿ ಹೇಗಿದ್ದರು ಎಂದು ಶುಭಸಂದೇಶ ತಿಳಿಸುವುದಿಲ್ಲ. ಅತ್ತ ಮುದುಕ ಜಕರೀಯನಿಗೆ ಮಾತೇ ನಿಂತುಹೋಗಿತ್ತು. ನಮ್ಮ ಮನೆಗಳಲ್ಲೂ ಇಂಥ ಮಾತಿಲ್ಲದ ಜಕರೀಯರಿದ್ದಾರೆ. ರಾತ್ರಿ ಎಂಟು ಗಂಟೆಗೆ ಫೋನಿನ ಮುಂದೆ ಕುಳಿತು, ಮೊಮ್ಮಗುವಿನ ಮುಖ ಕಂಡು, “ಎಲ್ಲ ಆರಾಮ” ಎಂದು ಹೇಳಿ ಫೋನ್ ಇಡುತ್ತಾರೆ.

ಆ ತಾಯಿಯ ಯಜಮಾನರಿಗೂ ಹಾಗೆಯೇ ಆಯಿತು. ಜುಲೈ ಮಳೆಯಲ್ಲಿ ಜ್ವರ ಹಿಡಿದು ಹತ್ತು ದಿನ ಮಲಗಿದರು. ತೋಟಕ್ಕೆ ಕೊಳೆರೋಗವೂ ಬಂತು. ಹೆಂಡತಿಗೆ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಪಕ್ಕದ ಮನೆಯ ಹಿಂದೂ ಕುಟುಂಬದವರು ಮೂರು ಹೊತ್ತು ಗಂಜಿ ತಂದುಕೊಟ್ಟರು, ಹಸುವಿನ ಹಾಲು ಕರೆದರು. ನಮ್ಮ ಧರ್ಮಕೇಂದ್ರದವರಾದ ನಮಗೆ ವಿಷಯ ತಿಳಿದದ್ದು ಎಂಟನೆಯ ದಿನ, ಅವರು ಎರಡನೆಯ ಭಾನುವಾರವೂ ಬಲಿಪೂಜೆಗೆ ಬಾರದಿದ್ದಾಗ! ಇದನ್ನು ಹೇಳಲು ನಮಗೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ವಿದೇಶಕ್ಕೆ ಹೊರಟವರಿಗಾಗಿ ಪೀಠದ ಮುಂದೆ ಪ್ರಾರ್ಥಿಸಿದೆವು, ಆಶೀರ್ವದಿಸಿ ಕಳುಹಿಸಿದೆವು. ಹಿಂದೆ ಉಳಿದವರ ಬಾಗಿಲು ತಟ್ಟುವುದನ್ನು ಮರೆತೆವು. ಗುಡಿಯ ಜಗಲಿಯ ಆ ನಾಲ್ಕು ಮಕ್ಕಳಲ್ಲಿ ಒಬ್ಬರಾದರೂ ನೆನಪಿಡುತ್ತಿದ್ದರು. ಇಲ್ಲಿ ನಾವೆಲ್ಲರೂ ಒಟ್ಟಿಗೆ ಮರೆತೆವು. ನಮ್ಮನ್ನು ತಿದ್ದಿದವರು ಪಕ್ಕದ ಮನೆಯವರು.

ಸೆಪ್ಟೆಂಬರಿನಲ್ಲಿ, ತೆನೆ ಹಬ್ಬದ ಮುನ್ನಾದಿನ, ಆ ತಾಯಿ ಮರಳಿದರು. ಸೊರಗಿದ ಗಂಡನನ್ನು ಕಂಡು ಎಲ್ಲ ತಿಳಿಯಿತು. ಮಗಳು ಫೋನಿನಲ್ಲಿ ಅತ್ತಳು: “ಪಪ್ಪ, ಒಂದು ಮಾತು ಹೇಳಬಾರದಿತ್ತೇ?” ತಂದೆ ಹೇಳಿದ್ದು ಇಷ್ಟೇ: “ಹೇಳಿದ್ದರೆ ನಿನ್ನ ಅಮ್ಮ ಓಡಿ ಬರುತ್ತಿದ್ದಳು. ಮಗುವಿಗೆ ಯಾರಿದ್ದರು?” ಮುಂದಿನ ವರ್ಷ ಮಗಳು ಮಗುವನ್ನು ಎತ್ತಿಕೊಂಡು, ಅದೇ ದೋಹಾದಲ್ಲಿ ಕಾದು, ಊರಿಗೆ ಬಂದಳು. ಒಂದು ತಿಂಗಳು ಇದ್ದಳು. ನೆಂಟರ ಮನೆಗಳಿಗೆ ಸುತ್ತಲಿಲ್ಲ. ತಂದೆಯನ್ನು ಡಾಕ್ಟರರ ಬಳಿಗೆ ಕರೆದೊಯ್ದಳು, ಜೊತೆಯಲ್ಲಿ ತೋಟಕ್ಕೆ ಹೋದಳು, ಪಕ್ಕದ ಮನೆಯವರ ಜಗಲಿಯಲ್ಲಿ ಕುಳಿತು ಅವರಿಗೆ ಕೈಮುಗಿದಳು. ಅದೂ ಒಂದು ಸಂದರ್ಶನವೇ ಅಲ್ಲವೇ?

ಆದ್ದರಿಂದ ಮೂರು ಮಾತು.

ಮೊದಲನೆಯದು, ದೂರದಲ್ಲಿರುವ ಮಕ್ಕಳಿಗೆ. ಬಾಣಂತನಕ್ಕೆ ತಂದೆತಾಯಿಯನ್ನು ಕರೆಸುವ ನಾವು, ಅವರ ಕಾಯಿಲೆಗೆ ಬರುತ್ತೇವೆಯೇ? ರಜೆ ಸಿಗುವುದು ಕಷ್ಟ, ಟಿಕೆಟಿನ ಹಣ ಹೆಚ್ಚು, ನಿಜ. ಆದರೆ ಮರಿಯಮ್ಮನವರಿಗೂ ದಾರಿ ಸುಲಭವಾಗಿರಲಿಲ್ಲ. ತಂದೆತಾಯಿ ಬಂದಾಗ ಮಗುವನ್ನು ನೋಡಿಕೊಳ್ಳುವ ಕೆಲಸದವರಂತೆ ಅವರನ್ನು ನಾಲ್ಕು ಗೋಡೆಯೊಳಗೆ ಇಡಬೇಡಿ. ಬಂದ ಅತಿಥಿಯನ್ನು ಎಲಿಜಬೇತಮ್ಮ ಗೌರವದಿಂದ ಬರಮಾಡಿಕೊಂಡರು, ಬಂದವರ ಮಹಿಮೆಯನ್ನು ಬಾಯ್ತುಂಬ ಹೇಳಿದರು.

ಎರಡನೆಯದು, ಪ್ರಯಾಣ ಹೊರಡುವ ಹಿರಿಯರಿಗೆ. ಹೆದರಬೇಡಿ. ಗಾಲಿಕುರ್ಚಿಯ ಸಹಾಯ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಹೇಳಿಸಿ. ಔಷಧ, ವೈದ್ಯರ ಚೀಟಿ ಕೈಚೀಲದಲ್ಲಿರಲಿ. ಪೆಟ್ಟಿಗೆ ಕೊನೆಯ ಊರಿಗೇ ನೇರವಾಗಿ ಹೋಗುತ್ತದೆಯೇ ಎಂದು ಹೊರಡುವಲ್ಲೇ ಕೇಳಿ ತಿಳಿಯಿರಿ. ಆಮೇಲೆ ನಡುದಾರಿಯಲ್ಲಿ ಕಾಯುವಾಗ ಗಡಿಯಾರವನ್ನೇ ನೋಡದೆ, ಪಕ್ಕದಲ್ಲಿ ಕುಳಿತವರ ಮುಖವನ್ನೂ ಒಮ್ಮೆ ನೋಡಿ.

ಮೂರನೆಯದು, ನಮ್ಮೆಲ್ಲರಿಗೆ. ಪ್ರತಿ ವಾರ್ಡಿನಲ್ಲೂ ಒಂಟಿಯಾಗಿ ಉಳಿದಿರುವ ಹಿರಿಯರು ಯಾರು ಎಂದು ನಮಗೆ ತಿಳಿದಿರಲಿ. ಈ ಮಳೆಗಾಲದಲ್ಲಿ ಯುವಜನರು ವಾರಕ್ಕೊಮ್ಮೆ ಆ ಮನೆಗಳಿಗೆ ಹೋಗಿಬರಲಿ. ಹೋಗಲು ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಒಂದು ಕೊಡೆ ಸಾಕು.

ಪ್ರಾರ್ಥಿಸೋಣ: ದಾರಿಯಲ್ಲೂ ಪ್ರಭುವನ್ನು ಹೊತ್ತು ನಡೆದ ಮಾತೆಯೇ, ದೂರದೇಶಕ್ಕೆ ಹೊರಟ ನಮ್ಮ ತಾಯಂದಿರ ಕೈಹಿಡಿಯಿರಿ. ವಿಮಾನ ನಿಲ್ದಾಣಗಳಲ್ಲಿ ಕಾಯುತ್ತಿರುವವರಿಗೆ ಜೊತೆಯಾಗಿರಿ. ಮನೆಯಲ್ಲಿ ಉಳಿದು ಮೌನವಾಗಿ ಕಾಯುವವರ ಬಾಗಿಲಿಗೆ ನಮ್ಮನ್ನು ತಡಮಾಡದೆ ಕಳುಹಿಸಿರಿ. ಆಮೆನ್.