‘ಸುಧಾರಕ’ದ ಸಂಪಾದಕ ಆಗರಕರ್



ಪತ್ರಿಕಾ ಸಂಪಾದಕರ ಧೈರ್ಯವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಸರ್ಕಾರವನ್ನು ಎದುರಿಸಿದವರನ್ನು ಸ್ಮರಿಸುತ್ತೇವೆ. ತಮ್ಮ ಓದುಗರನ್ನೂ ಆಪ್ತಮಿತ್ರರನ್ನೂ ಎದುರುಹಾಕಿಕೊಂಡು ಬರೆದವರು ವಿರಳ. ಪುಣೆಯ ಗೋಪಾಳ ಗಣೇಶ ಆಗರಕರ್ ಅಂಥವರಲ್ಲಿ ಒಬ್ಬರು.

ಅವರು ಜನಿಸಿದ್ದು 1856ರಲ್ಲಿ, ಸಾತಾರಾ ಜಿಲ್ಲೆಯ ಕರಾಡದ ಬಳಿಯಿರುವ ಟೆಂಭೂ ಗ್ರಾಮದ ಬಡ ಕುಟುಂಬದಲ್ಲಿ. ಬಹು ಕಷ್ಟದಿಂದ ಓದನ್ನು ಮುಂದುವರಿಸಿ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ಬಾಲ ಗಂಗಾಧರ ತಿಲಕರೊಡನೆ ಸ್ನೇಹ ಬೆಳೆದದ್ದು ಅಲ್ಲಿಯೇ. ಮಗ ಎಂ.ಎ. ಮುಗಿಸಿ ದೊಡ್ಡ ಹುದ್ದೆಗೆ ಸೇರುವನೆಂದು ಕಾದಿದ್ದ ತಾಯಿಗೆ ಅವರೊಂದು ಪತ್ರ ಬರೆದರು. ಹೊಟ್ಟೆಗೆ ಸಾಕಾಗುವಷ್ಟು ಹಣದಲ್ಲಿ ತೃಪ್ತಿಪಟ್ಟು, ಉಳಿದ ಕಾಲವನ್ನೆಲ್ಲ ಪರಹಿತಕ್ಕೆ ಮೀಸಲಿಡುವೆನೆಂಬುದು ಅದರ ಸಾರ.

ವಿಷ್ಣುಶಾಸ್ತ್ರಿ ಚಿಪಳೂಣಕರ್ ಮತ್ತು ತಿಲಕರು 1880ರಲ್ಲಿ ಸ್ಥಾಪಿಸಿದ ನ್ಯೂ ಇಂಗ್ಲಿಷ್ ಸ್ಕೂಲನ್ನು ಆಗರಕರರೂ ಸೇರಿದರು. ಮರುವರ್ಷದ ಜನವರಿಯಲ್ಲಿ ಈ ಮಿತ್ರಮಂಡಳಿ ಇಂಗ್ಲಿಷಿನಲ್ಲಿ ‘ಮರಾಠಾ’, ಮರಾಠಿಯಲ್ಲಿ ‘ಕೇಸರಿ’ ವಾರಪತ್ರಿಕೆಗಳನ್ನು ಆರಂಭಿಸಿತು. ‘ಕೇಸರಿ’ಯ ಸಂಪಾದಕತ್ವ ಆಗರಕರರ ಪಾಲಿಗೆ ಬಂದಿತು.

ಕೊಲ್ಲಾಪುರದ ಎಳೆಯ ಮಹಾರಾಜ ನಾಲ್ಕನೆಯ ಶಿವಾಜಿಯವರನ್ನು ದಿವಾನ ಬರ್ವೆಯವರು ಹಿಂಸೆಗೆ ಗುರಿಪಡಿಸುತ್ತಿದ್ದಾರೆಂದು ಎರಡೂ ಪತ್ರಿಕೆಗಳು ಬರೆದವು. ದಿವಾನರು ಮಾನನಷ್ಟ ಮೊಕದ್ದಮೆ ಹೂಡಿದರು. ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡಬಾರದು: ಪತ್ರಿಕೆಗಳು ನಂಬಿದ್ದ ಪತ್ರಗಳು ಕೃತಕವೆಂದು ನ್ಯಾಯಾಲಯದಲ್ಲಿ ಸಿದ್ಧವಾಯಿತು. ಉದ್ದೇಶ ಶುದ್ಧವಾಗಿದ್ದರೂ ದಾಖಲೆಯನ್ನು ಚೆನ್ನಾಗಿ ಪರೀಕ್ಷಿಸದೆ ಅಚ್ಚುಹಾಕಿದ್ದು ದೋಷವೇ ಸರಿ. 1882ರಲ್ಲಿ ತಿಲಕರೂ ಆಗರಕರರೂ ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನಗಳನ್ನು ಕಳೆದರು. ಹೊರಬಂದಾಗ ಜನರು ಅವರನ್ನು ವೀರರಂತೆ ಸ್ವಾಗತಿಸಿದರು. ಆ ಸೆರೆವಾಸವನ್ನು ಕುರಿತು ಆಗರಕರರು ಒಂದು ಪುಸ್ತಕವನ್ನೇ ರಚಿಸಿದ್ದಾರೆ.

ಆದರೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಮುಂದೆ ಕಾದಿತ್ತು. ಮಿಲ್ ಮತ್ತು ಸ್ಪೆನ್ಸರರ ಗ್ರಂಥಗಳನ್ನು ಮನನ ಮಾಡಿದ್ದ ಆಗರಕರರಿಗೆ ಬಾಲ್ಯವಿವಾಹ, ವಿಧವೆಯರ ಕೇಶಮುಂಡನ, ಜಾತಿಭೇದ ಇವೆಲ್ಲ ಬುದ್ಧಿಗೂ ಮಾನವೀಯತೆಗೂ ವಿರುದ್ಧವಾಗಿ ಕಂಡವು. ರಾಜಕೀಯ ಸ್ವಾತಂತ್ರ್ಯ ಮೊದಲು ಬರಲಿ, ಸಮಾಜ ತನ್ನ ವೇಗದಲ್ಲಿ ತಿದ್ದಿಕೊಳ್ಳಲಿ ಎಂಬುದು ತಿಲಕರ ನಿಲುವು. ಪತ್ರಿಕೆಯೊಂದು, ಅಭಿಪ್ರಾಯಗಳು ಎರಡು. ತಾವು ನಂಬದುದನ್ನು ಬರೆಯಲು ಒಪ್ಪದೆ, ನಂಬಿದುದನ್ನು ಬರೆಯದಿರಲೂ ಆಗದೆ, ಆಗರಕರರು 1887ರಲ್ಲಿ ‘ಕೇಸರಿ’ಯನ್ನು ತೊರೆದರು. ಮರುವರ್ಷದ ಅಕ್ಟೋಬರಿನಲ್ಲಿ ‘ಸುಧಾರಕ’ ಹೊರಬಂದಿತು. ಅದರ ಇಂಗ್ಲಿಷ್ ಭಾಗವನ್ನು ನೋಡಿಕೊಂಡವರು ಆಗಿನ್ನೂ 22 ವರ್ಷದ ತರುಣರಾಗಿದ್ದ ಗೋಪಾಲಕೃಷ್ಣ ಗೋಖಲೆ.

ಪುಣೆಯ ಸಂಪ್ರದಾಯಸ್ಥರಿಗೆ ಆ ಪತ್ರಿಕೆಯ ಹೆಸರೇ ಸವಾಲಾಗಿತ್ತು. ಹುಡುಗರಿಗೂ ಹುಡುಗಿಯರಿಗೂ ಒಟ್ಟಿಗೆ ಒಂದೇ ಶಿಕ್ಷಣ ದೊರೆಯಬೇಕೆಂದು ‘ಸುಧಾರಕ’ ವಾದಿಸಿತು. ಬಾಲಪತ್ನಿಯರ ರಕ್ಷಣೆಗಾಗಿ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಮಸೂದೆ 1891ರಲ್ಲಿ ಬಂದಾಗ, ನಮ್ಮ ಧರ್ಮದಲ್ಲಿ ಪರಕೀಯ ಸರ್ಕಾರ ಕೈಹಾಕಕೂಡದೆಂದು ತಿಲಕರು ವಿರೋಧಿಸಿದರು. ಆಗರಕರರು ಕಾನೂನನ್ನು ಬಲವಾಗಿ ಸಮರ್ಥಿಸಿದರು. ಕುಪಿತರಾದ ಸನಾತನಿಗಳು ಅವರು ಬದುಕಿರುವಾಗಲೇ ಅವರ ಪ್ರತಿಕೃತಿಯ ಶವಯಾತ್ರೆಯನ್ನು ನಡೆಸಿದರು. ಅವರ ಲೇಖನಿ ಮಾತ್ರ ಮೆತ್ತಗಾಗಲಿಲ್ಲ.

1892ರಲ್ಲಿ ಅವರು ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾದರು. ಮುಂದೆ ಆಲೂರು ವೆಂಕಟರಾಯರೂ ಬೇಂದ್ರೆಯವರೂ ಕಲಿತದ್ದು ಅದೇ ಕಾಲೇಜಿನಲ್ಲಿ ಎಂಬುದನ್ನು ಕನ್ನಡಿಗರು ಬಲ್ಲರು. ಉಬ್ಬಸ ಬಹು ಹಿಂದಿನಿಂದಲೂ ಅವರನ್ನು ಕಾಡುತ್ತಿತ್ತು. 1895ರ ಜೂನ್ 17ರಂದು, 39 ವರ್ಷ ತುಂಬುವ ಮೊದಲೇ, ಆಗರಕರರು ತೀರಿಕೊಂಡರು. ‘ಕೇಸರಿ’ಯಲ್ಲಿ ಅವರನ್ನು ಕುರಿತು ಶ್ರದ್ಧಾಂಜಲಿಯನ್ನು ಬರೆದವರು ತಿಲಕರೇ. ಹಳೆಯ ಗೆಳೆಯನ ಬಗ್ಗೆ ಆ ಕೆಲವು ಸಾಲುಗಳನ್ನು ಹೇಳಿ ಬರೆಯಿಸುವಾಗ ಅವರ ಕಣ್ಣೀರು ನಿಲ್ಲಲಿಲ್ಲವೆಂದು ಚರಿತ್ರಕಾರರು ಹೇಳುತ್ತಾರೆ.